ಖಾಲಿ ಸ್ಟೂಲಿನ ಉಸಿರು

ಇಲ್ಲದ ಸದ್ದು ಕೇಳಿಸಿತು ಎನ್ನುವವರ ಬಗ್ಗೆ ನನಗೆ ಮೊದಲಿನಿಂದಲೂ ಅಸಹನೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ ಜಂಬವೂ ಅದಕ್ಕೆ ಸೇರಿತ್ತು. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನನ್ನ ನೆನಪಿನ ಮೇಲೂ ನನಗೆ ಪೂರ್ತಿ ಭರವಸೆಯಿಲ್ಲ.

ಐವತ್ತರ ದಶಕದ ನಡುವಿನ ಮಾತು. ಧಾರವಾಡದಿಂದ ಮುಂಬಯಿಗೆ ಬಂದು ಕಾರಕೂನನಾಗಿದ್ದ ನಾನು ಮುಲುಂಡಿನ ಒಂದು ಚಾಳಿನಲ್ಲಿದ್ದೆ. ಭಾನುವಾರ ಬೆಳಿಗ್ಗೆ ನನಗೊಂದು ಹೆಚ್ಚಿನ ಕೆಲಸ. ಹೊಟೇಲುಗಳಲ್ಲಿ ದುಡಿಯುವ ಉಡುಪಿ ಕಡೆಯವರನ್ನು ಗುಜರಾತಿ ಡಾಕ್ಟರರ ದವಾಖಾನೆಗೆ ಕರೆದೊಯ್ದು ಅವರ ನೋವನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಹಾಗೆ ಕೆಲವು ವೈದ್ಯಕೀಯ ಪದಗಳೂ ಬಂದಿದ್ದವು. ಕೆಟ್ಟ ಶ್ವಾಸಕೋಶದೊಳಗಿನ ಒಂದು ಸದ್ದಿಗೆ ಕ್ರೆಪಿಟೇಶನ್ ಎನ್ನುತ್ತಾರೆ. ಕಿವಿಯ ಹತ್ತಿರ ನಾಲ್ಕು ಕೂದಲನ್ನು ಬೆರಳುಗಳ ನಡುವೆ ಹೊಸೆದರೆ ಅಂಥದೇ ಸದ್ದು ಬರುತ್ತದೆಂದು ಡಾಕ್ಟರರೇ ಒಮ್ಮೆ ತೋರಿಸಿದ್ದರು.

ನನ್ನ ಖೋಲಿಯಲ್ಲೇ ಇದ್ದ ವಾಸು ಹೊಟೇಲಿನ ಅಡುಗೆಯವ. ಊರಿನಿಂದ ಬಂದು ಮೂರೇ ತಿಂಗಳು, ಹಿಂದಿ ಬಾರದು. ಕೆಮ್ಮು ಬಿಡದಿದ್ದಾಗ ಅವನನ್ನೂ ಕರೆದೊಯ್ದೆ. ಕಫದಲ್ಲಿ ಎರಡು ಸಲ ರಕ್ತ ಬಿದ್ದದ್ದನ್ನು ದಾರಿಯಲ್ಲಿ ಹೇಳಿದ.

“ಡಾಕ್ಟ್ರಿಗೆ ಅದೊಂದು ಹೇಳ್ಬೇಡಿ ಮಾರಾಯ್ರೆ. ಕ್ಷಯ ಅಂತ ಗೊತ್ತಾದ್ರೆ ಹೊಟೇಲಿನವರು ನಾಳೆಯೇ ಊರಿಗೆ ಕಳಿಸ್ತಾರೆ.”

“ಅವ್ರು ಕೇಳಿದ್ರ ಏನ್ ಹೇಳ್ಲಿ?” ಎಂದೆ.

“ಇಲ್ಲ ಅನ್ನಿ. ಬಿ.ಎ. ಮಾಡಿದವರಿಗೆ ಇಂಗ್ಲಿಷಿನಲ್ಲಿ ಅಷ್ಟು ಹೇಳ್ಲಿಕ್ಕೆ ಬರುದಿಲ್ವಾ?”

ಡಾಕ್ಟರು ಕೇಳಿಯೇ ಕೇಳಿದರು. ಇಲ್ಲ ಎಂದೆ. ಅವರು ಎದೆಗೂ ಬೆನ್ನಿಗೂ ಸ್ಟೆತೊಸ್ಕೋಪ್ ಇಟ್ಟು ಆಲಿಸಿ, ಬರೀ ಗಂಟಲಿನ ಕೆಮ್ಮು ಎಂದು ಔಷಧಿ ಬರೆದರು. ವಾಸು ಅಂಗಿ ತೊಟ್ಟು ಕಂಪೌಂಡರನ ಹತ್ತಿರ ಹೋದ.

ಆಗ ನನಗೆ ಕೂದಲು ಹೊಸೆಯುವ ಸದ್ದು ಕೇಳಿಸಿತು. ಅವನು ಕೂತೆದ್ದ ಸ್ಟೂಲಿನ ಕಡೆಯಿಂದ, ಕೂತವನ ಎದೆಯ ಎತ್ತರದಿಂದ ಬರುತ್ತಿತ್ತು. ಉಸಿರೆಳೆದಷ್ಟು ಹೊತ್ತು ಬರುವುದು, ನಿಲ್ಲುವುದು, ಮತ್ತೆ ಬರುವುದು. ನನ್ನದೇ ಇರಬಹುದೆಂದು ಉಸಿರು ಬಿಗಿಹಿಡಿದೆ, ಅದು ನಿಲ್ಲಲಿಲ್ಲ. ಡಾಕ್ಟರು ಕೈತೊಳೆಯಲು ನಲ್ಲಿ ತಿರುಗಿಸಿದರು. ನೀರು ನಿಂತಾಗ ಸದ್ದೂ ಇರಲಿಲ್ಲ.

ಅವನ ಎದೆಯ ಎಡಗಡೆ, ಮೇಲ್ಭಾಗದಲ್ಲಿ ಕ್ರೆಪಿಟೇಶನ್ ಇದೆ ಎಂದುಬಿಟ್ಟೆ. ಎಡ ಎಂದು ಹೇಗೆ ಹೇಳಿದೆನೋ ತಿಳಿಯದು. ಡಾಕ್ಟರು ನಕ್ಕು, ಅದು ಸ್ಟೆತೊಸ್ಕೋಪ್ ಇಲ್ಲದೆ ಕೇಳುವಂಥದಲ್ಲ ಎಂದರು. ರಕ್ತದ ಮಾತು ನಾಲಿಗೆಯ ತುದಿಗೆ ಬಂದಿತ್ತು. ವಾಸು ಬಾಟಲಿ ಹಿಡಿದು ಬಾಗಿಲಲ್ಲಿ ನನ್ನನ್ನೇ ನೋಡುತ್ತಿದ್ದ. ಹೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅವನು ಒಲೆಯ ಮುಂದೆಯೇ ರಕ್ತ ಕಾರಿಕೊಂಡ. ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ಮೇಲ್ಭಾಗ ತೂತುಬಿದ್ದಿತ್ತು. ಹೊಟೇಲಿನವರು ಊರಿಗೆ ಕಳಿಸಿದರು. ಮಳೆಗಾಲ ಮುಗಿಯುವ ಮೊದಲೇ ಅಲ್ಲಿ ತೀರಿಕೊಂಡ. ಆ ಭಾನುವಾರದ ದಿನಚರಿ ತೆಗೆದು ನೋಡಿದ್ದೇನೆ. “ವಾಸುವಿಗೆ ಔಷಧಿ. ಎದೆ ಸರಿಯಿದೆ” ಎಂದಷ್ಟೇ ಇದೆ. ಸದ್ದಿನ ಬಗ್ಗೆ ಒಂದಕ್ಷರವಿಲ್ಲ. ಅದನ್ನು ನಾನು ಆಮೇಲೆ ಕಟ್ಟಿಕೊಂಡೆನೇ? ಅಥವಾ ಬರೆಯಲು ಹೆದರಿದೆನೇ?

ವಾಸು ಊರಿಗೆ ಹೊರಟ ಮಧ್ಯಾಹ್ನ ನಾನೇ ಅವನ ಹಾಸಿಗೆ ಸುತ್ತಿಕೊಟ್ಟಿದ್ದೆ. “ಆ ದಿನ ನೀವು ಹೇಳಲಿಲ್ಲ, ಮತ್ತೆ ನಾಲ್ಕು ತಿಂಗಳು ದುಡಿಲಿಕ್ಕಾಯ್ತು. ದೊಡ್ಡ ಉಪಕಾರ ಆಯ್ತು,” ಎಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಹಗ್ಗ ಬಿಗಿಯುವ ನೆಪದಲ್ಲಿ ಅವನ ಎದೆಯ ಹತ್ತಿರಕ್ಕೆ ಬಾಗಿ ಕಿವಿಗೊಟ್ಟೆ. ಅವನು ಏದುಸಿರು ಬಿಡುತ್ತಿದ್ದ. ಆ ಸದ್ದು ಮಾತ್ರ ಕೇಳಿಸಲಿಲ್ಲ. ಖಾಲಿ ಸ್ಟೂಲಿನಿಂದ ಕೇಳಿದ್ದು ಅಲ್ಲೇಕೆ ಕೇಳಲಿಲ್ಲವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.