ಸವಣೂರಿನಲ್ಲಿ ಲಿಸ್ಪ್‌ಗೆ ಹದಿನೈದು ನಿಮಿಷ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕು ಸೇರಿಸಿದರೂ ಪ್ರೋಗ್ರಾಂ ಬರೆಯಬಲ್ಲವರು ನಮಗೆ ಗೊತ್ತಿದ್ದಂತೆ ಏಳು ಜನ. ಏಳು ಜನಕ್ಕೂ ಒಂದೇ ಕಂಪ್ಯೂಟರು. ಅದು ಸವಣೂರಿನ ಹೈಸ್ಕೂಲೊಂದರಲ್ಲಿ ಕಸೂತಿ ಹಾಕಿದ ಬಟ್ಟೆ ಹೊದ್ದು ಕುಳಿತಿರುತ್ತಿತ್ತು. ತಿಂಗಳ ಎರಡನೆಯ ಭಾನುವಾರ ಅಲ್ಲಿ ಸೇರುತ್ತಿದ್ದೆವು. ಉಳಿದವರೆಲ್ಲ ಬರೆಯುತ್ತಿದ್ದುದು ಬೇಸಿಕ್ ಭಾಷೆಯಲ್ಲಿ. ಲಿಸ್ಪ್ ಎಂಬ ಇನ್ನೊಂದು ಕಂಪ್ಯೂಟರ್ ಭಾಷೆಯ ಹುಚ್ಚು ನನ್ನೊಬ್ಬಳಿಗೆ.

ನಾನು ಹಾನಗಲ್ಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ತಮ್ಮ ಲಿಸ್ಪ್ ಪುಸ್ತಕವೊಂದನ್ನು ಜೆರಾಕ್ಸ್ ಮಾಡಿಸಿ, ಜೊತೆಗೆ ಲಿಸ್ಪ್ ತುಂಬಿದ ಒಂದು ಡಿಸ್ಕನ್ನೂ ತಂದುಕೊಟ್ಟಿದ್ದ. ರೊಟ್ಟಿ ಬಡಿದು, ಹಂಚು ಇಳಿಸಿ, ಕೆಲಸಕ್ಕೆ ಹೊರಡುವ ಮುಂಚೆ ಸಿಗುವ ಅರ್ಧ ತಾಸು ಅದಕ್ಕೆ ಮೀಸಲು. ಎರಡು ವರ್ಷದಲ್ಲಿ ಎರಡು ನೋಟುಬುಕ್ಕು ತುಂಬಿದವು. ಆದರೆ ಬರೆದದ್ದರಲ್ಲಿ ಒಂದನ್ನೂ ಯಂತ್ರದ ಮೇಲೆ ನಡೆಸಿ ನೋಡಿರಲಿಲ್ಲ. ಸರಿಯಾಗಿದೆಯೋ ಇಲ್ಲವೋ, ಯಾರು ಹೇಳಬೇಕು?

ನಮ್ಮಲ್ಲಿ ಹಿರಿಯರು ಹಿರೇಕೆರೂರಿನ ಗಣಿತ ಮಾಸ್ತರು. ಅವರದೊಂದು ಕಟ್ಟುನಿಟ್ಟಿನ ನಿಯಮ. ಯಂತ್ರಕ್ಕೆ ಹೊಸದೇನಾದರೂ ಹಾಕಬೇಕಿದ್ದರೆ ಮೊದಲು ಹದಿನೈದು ನಿಮಿಷ ಅದನ್ನು ಎಲ್ಲರಿಗೂ ತಿಳಿಸಿ ಹೇಳಬೇಕು. ಕೇಳಿದವರಲ್ಲಿ ಒಬ್ಬರಾದರೂ ಬೋರ್ಡಿಗೆ ಬಂದು ಆ ರೀತಿಯಲ್ಲಿ ಏನಾದರೂ ಬರೆದು ತೋರಿಸಬೇಕು. ಆಗದಿದ್ದರೆ ಯಂತ್ರದ ವೇಳೆ ಇಲ್ಲ.

ನನ್ನ ಸರದಿಯ ದಿನ ಬಸ್ಸಿಳಿದವಳೇ ವೀಳ್ಯದೆಲೆ ಕೊಂಡೆ. ನಾಲ್ಕು ಎಲೆಗಳದ್ದೊಂದು ಸಣ್ಣ ಕಟ್ಟು, ಐದರದ್ದು ಇನ್ನೊಂದು, ಎರಡು ಬಿಡಿ ಎಲೆ. ಎಲ್ಲವನ್ನೂ ಸೇರಿಸಿ ದಾರ ಸುತ್ತಿ ಒಂದು ದೊಡ್ಡ ಕಟ್ಟು ಮಾಡಿಕೊಂಡೆ.

ಮಾಸ್ತರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. "ಹೂಂ, ಸುರು ಮಾಡ್ರಿ."

ಲಿಸ್ಪ್‌ನಲ್ಲಿ ಮಾಹಿತಿಯೆಲ್ಲ ಹೀಗೆ ಕಟ್ಟಿನಲ್ಲಿರುತ್ತದೆ, ಕಟ್ಟಿನೊಳಗೆ ಎಲೆಯೂ ಇರಬಹುದು, ಮತ್ತೊಂದು ಕಟ್ಟೂ ಇರಬಹುದು ಎಂದೆ. ಫಂಕ್ಷನ್ ಅಂದರೆ ಒಂದೇ ಕೆಲಸಕ್ಕೆಂದು ಬರೆದ ಪ್ರೋಗ್ರಾಮಿನ ತುಣುಕು, ಅದರ ಕೈಗೆ ಕಟ್ಟು ಕೊಟ್ಟರೆ ಅದು ಉತ್ತರ ಹೇಳುತ್ತದೆ ಎಂದೆ. ಶಿಗ್ಗಾಂವಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರೊಬ್ಬರು ಮುಂದೆಯೇ ಕುಳಿತಿದ್ದರು. ಅವರ ಕೈಗೆ ಕಟ್ಟು ಕೊಟ್ಟು, "ನೀವ ಫಂಕ್ಷನ್ ಅಂತ ತಿಳ್ಕೋರಿ. ತೊಟ್ಟು ಇರೋ ಎಲಿ ಎಷ್ಟದಾವು, ಹೇಳ್ರಿ" ಎಂದೆ.

ಅವರು ಒಂದೊಂದೇ ಎಲೆ ತೆಗೆದು ಎಣಿಸಿದರು. "ಹನ್ನೊಂದು."

ಮಾಸ್ತರು ಕನ್ನಡಕದ ಮೇಲಿನಿಂದ ನೋಡಿದರು. "ಇನ್ನೊಮ್ಮೆ ಎಣಸ್ರಿ ನೋಡೂಣು."

ರೇಡಿಯೋದವರು ತಮ್ಮ ತೊಡೆಯ ಮೇಲಿದ್ದ ಎಲೆಗಳನ್ನು ನೋಡಿಕೊಂಡರು. ಎಣಿಸುತ್ತಲೇ ಒಂದೊಂದು ಎಲೆಯನ್ನೂ ತೊಡೆಗೆ ಒರೆಸಿ, ತೊಟ್ಟು ಮುರಿದು ಮೇಜಿನ ಮೇಲೆ ಹಾಕಿದ್ದರು. "ಈಗ ಸೊನ್ನೀರಿ ಅಕ್ಕಾರ. ಎಲಿ ಕೈಗೆ ಬಂತಂದ್ರ ತೊಟ್ಟು ಮುರೀದ ಹೆಂಗ ಇರೂದ್ರಿ?"

"ಸುಣ್ಣ ಹಚ್ಚೂದೊಂದು ಬಾಕಿ ಐತಿ ನೋಡ್ರಿ," ಎಂದರು ಹಿಂದಿನವರೊಬ್ಬರು. ಎಲ್ಲರೂ ನಕ್ಕರು. ಗಡಿಯಾರದಲ್ಲಿ ಎಂಟು ನಿಮಿಷ ಉಳಿದಿತ್ತು.

ಮೇಜಿನ ಮೇಲೆ ಬಿದ್ದಿದ್ದ ತೊಟ್ಟುಗಳನ್ನು ನೋಡುತ್ತ ನಿಂತಾಗ, ಹೇಳಬೇಕಾದದ್ದು ಅಲ್ಲೇ ಇದೆ ಅನ್ನಿಸಿತು. "ಬೇಸಿಕ್‌ನ್ಯಾಗ ನಾವು ದಿನಾ ಮಾಡೂದು ಇದನ್ನ," ಎಂದೆ. "ಲೆಕ್ಕ ಕೇಳಿದ್ರ ಲೆಕ್ಕಾನೂ ಹೇಳ್ತೇವಿ, ಕೊಟ್ಟ ವಸ್ತೂನೂ ಬದಲ ಮಾಡಿ ಇಡ್ತೇವಿ. ಮುಂದಿನ ಸಾಲಿಗೆ ಬರೋ ಹೊತ್ತಿಗೆ ಎಲಿ ಎಲ್ಲಾ ಬೋಳು. ಆಮ್ಯಾಲೆ ತಪ್ಪು ಎಲ್ಲೈತಿ ಅಂತ ಹುಡುಕ್ತೇವಿ. ಲಿಸ್ಪ್ ಬರಿಯೋ ರೀತಿ ಬ್ಯಾರೆ. ಫಂಕ್ಷನ್ ಉತ್ತರ ಅಷ್ಟ ಹೇಳತೈತಿ, ತೊಟ್ಟು ಮುಟ್ಟೂದಿಲ್ಲ. ಅದ ಕಟ್ಟು ಹತ್ತು ಸಲ ಕೊಡ್ರಿ, ಹತ್ತೂ ಸಲ ಹನ್ನೊಂದ."

ನಗು ನಿಂತಿತು. ಒಬ್ಬರು ತಮ್ಮ ಹಳೆಯ ಪ್ರೋಗ್ರಾಮಿನ ಹಾಳೆ ತೆಗೆದು ಏನನ್ನೋ ಹುಡುಕತೊಡಗಿದರು.

ರೇಡಿಯೋದವರು ತಾವಾಗಿಯೇ ಎದ್ದು ಬೋರ್ಡಿನ ಮೇಲೆ ಬರೆದರು: ಕಟ್ಟು ಖಾಲಿ ಇದ್ದರೆ ಸೊನ್ನೆ. ಮೊದಲನೆಯದು ಎಲೆಯಾದರೆ, ಒಂದಕ್ಕೆ ಉಳಿದ ಕಟ್ಟಿನ ಎಣಿಕೆ ಕೂಡಿಸುವುದು.

"ಮೊದಲನೇದ ಕಟ್ಟಾದ್ರ?" ಮಾಸ್ತರು ಕೇಳಿದರು.

ಅವರು ತಾವು ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡರು. ಉತ್ತರ ಹೇಳಿಕೊಡಬಾರದೆಂದು ನಾನು ತುಟಿ ಬಿಗಿಹಿಡಿದು ನಿಂತೆ.

"ಆ ಕಟ್ಟನ್ನೂ ಇದ ಫಂಕ್ಷನ್ನಿಗೆ ಕೊಡೂದ್ರಿ. ತನ್ನನ್ನ ತಾನ ಕೇಳತೈತಿ. ಅದರದು, ಉಳಿದದ್ದರದು, ಎರಡೂ ಉತ್ತರ ಕೂಡಿಸೂದು."

ಮಾಸ್ತರು ಗಡಿಯಾರ ಕಟ್ಟಿಕೊಂಡರು. "ಡಿಸ್ಕ್ ಹಾಕ್ರಿ ಅಕ್ಕಾರ."

ಎರಡು ವರ್ಷದ ಹಿಂದೆ ಬರೆದಿದ್ದ ಇಂಥದ್ದೇ ಎಣಿಕೆಯ ಫಂಕ್ಷನ್ನನ್ನು ನೋಟುಬುಕ್ಕು ನೋಡಿಕೊಂಡು ಒತ್ತಿದೆ. ಯಂತ್ರ ಮಿಸುಕಲಿಲ್ಲ. ತೆರೆದ ಆವರಣ ಚಿಹ್ನೆಗಳೆಲ್ಲ ಮುಚ್ಚಿವೆಯೇ ಎಂದು ಬೆರಳಿಟ್ಟು ಎಣಿಸಿದೆ. ಕೊನೆಯಲ್ಲಿ ಒಂದು ಬಿಟ್ಟುಹೋಗಿತ್ತು. ಅದನ್ನು ಸೇರಿಸಿ, ಎಲೆಗಳ ಪಟ್ಟಿ ಕೊಟ್ಟೆ. ಹಸಿರು ಅಕ್ಷರದಲ್ಲಿ ಹನ್ನೊಂದು ಮೂಡಿತು. ಮಾಸ್ತರು ಕುರ್ಚಿ ಎಳೆದುಕೊಂಡು ಬಂದು ಅದೇ ಪಟ್ಟಿಯನ್ನು ಮತ್ತೆ ಮತ್ತೆ ಕೊಟ್ಟು ನೋಡಿದರು. ಪ್ರತಿ ಸಲವೂ ಹನ್ನೊಂದು.

ಆಮೇಲೆ ಗೋಡೆಯ ಮೇಲಿದ್ದ, ಯಂತ್ರ ಯಾರಿಗೆ ಯಾವಾಗ ಎಂಬ ವೇಳಾಪಟ್ಟಿಯ ಹತ್ತಿರ ಹೋದರು. ಊಟದ ನಂತರದ ಎರಡು ತಾಸು ಅವರದೇ ಆಗಿತ್ತು. ಅದನ್ನು ಹೊಡೆದುಹಾಕಿ ಅಲ್ಲಿ ಲಿಸ್ಪ್ ಎಂದು ಬರೆದರು, ಕೆಳಗೆ ನನ್ನ ಹೆಸರು. ಹೆಮ್ಮೆಪಟ್ಟೆ ಎಂದು ಬರೆಯಲು ನನಗೆ ಇಂದಿಗೂ ಸಂಕೋಚವಿಲ್ಲ. ಎರಡು ನೋಟುಬುಕ್ಕಿನ ತುಂಬ ಪ್ರೋಗ್ರಾಂಗಳು ಕಾಯುತ್ತಿದ್ದವು. ಅವತ್ತು ನಾನು ಊಟಕ್ಕೇ ಏಳಲಿಲ್ಲ.