ಒದ್ದೆ ಬಟ್ಟೆಯ ಬುಟ್ಟಿ

ಮೊನ್ನೆ ಅಟ್ಟ ಗುಡಿಸುವಾಗ ಮುಚ್ಚಳದ ಬಿದಿರು ಬುಟ್ಟಿ ಕೈಗೆ ಬಂತು. ಬಳಿದಿದ್ದ ಸಗಣಿ ಒಣಗಿ ಉದುರಿತ್ತು. ಒಳಗೆ ಮಡಿಸಿಟ್ಟ ಬಿಳಿ ಬಟ್ಟೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ವಾಸನೆ ಇನ್ನೂ ಇತ್ತು... ಅದನ್ನು ಮಡಿಸಿದ ಕೈ ಹೋಗಿ ಅವತ್ತಿಗೆ ಹದಿನಾರು ದಿನ.

ಅವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಯಲ್ದೂರಿನ ಹತ್ತಿರದ ಆ ಮನೆಗೆ ಸೊಸೆಯಾಗಿ ಬಂದಾಗ ಅವಳು ಬಂದು ಆರು ವರ್ಷವಾಗಿತ್ತು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಮುಳಬಾಗಿಲಿನ ಆಚೆ ಬಂಡೆಗಳ ನಡುವಿನ ಒಂದು ಊರಿನಿಂದ ಮೊಟ್ಟೆ ತರಬೇಕಿತ್ತು. ಯಾರ ಕೈಗುಣ ಒಳ್ಳೆಯದೋ ಅವರೇ ಬುಟ್ಟಿ ಹಿಡಿಯಬೇಕು ಎನ್ನುವುದು ನಮ್ಮ ಕಡೆಯ ನಂಬಿಕೆ. ನಮ್ಮ ಮನೆಯಲ್ಲಿ ಆ ಕೈ ಅಕ್ಕನದು. ಮೊಟ್ಟೆ ತರುವ ದಿನ ಅವಳು ಹೂ ಮುಡಿಯುತ್ತಿರಲಿಲ್ಲ, ಎಲೆ ಅಡಿಕೆ ಹಾಕುತ್ತಿರಲಿಲ್ಲ. ಹುಳುವಿಗೆ ವಾಸನೆ ಆಗುವುದಿಲ್ಲವಂತೆ.

"ದೊಡ್ಡೋಳ ಕೈಲಿ ಮುಟ್ಟಿಸಿದ್ರೆ ಕಲ್ಲೂ ಗೂಡು ಕಟ್ತದೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಅಲ್ಲೇ ಸೊಪ್ಪು ಹೆಚ್ಚುತ್ತಾ ಕೂತಿರುತ್ತಿದ್ದೆ. ನನಗೂ ಎರಡು ಕೈ ಇದ್ದವು.

ಆ ಆಷಾಢದಲ್ಲಿ ಜೊತೆಗೆ ನನ್ನನ್ನೂ ಕಳಿಸಿದರು. ಹೋಗುವಾಗಲೇ ಗಾಳಿ. ಮುಳಬಾಗಿಲು ದಾಟಿ ಬಸ್ಸಿಳಿದು ನಡೆದೆವು. ಮರವೆಂಬುದಿಲ್ಲದ ದಾರಿ, ಬರೀ ಗುಂಡುಕಲ್ಲುಗಳು. ಗಾಳಿ ಸೆರಗನ್ನು ಮುಖಕ್ಕೆ ಬಡಿಯುತ್ತಿತ್ತು, ಮಾತಾಡಲು ಬಾಯಿ ತೆರೆದರೆ ಮಣ್ಣು. ವಾಪಸು ಬರುವಾಗ ಅಕ್ಕ ಹೆಜ್ಜೆಗೊಮ್ಮೆ ಬುಟ್ಟಿಯ ಬಟ್ಟೆ ಮುಟ್ಟಿ ನೋಡುತ್ತಿದ್ದಳು. ಒಣಗಿದರೆ ಮೊಟ್ಟೆ ಕೆಟ್ಟಂತೆ. ಕುಡಿಯಲು ತಂದಿದ್ದ ನೀರನ್ನೆಲ್ಲ ಅದಕ್ಕೇ ಚಿಮುಕಿಸಿದಳು. ನನಗೆ ಒಂದು ಗುಟುಕು ಕೊಟ್ಟಳು, ತಾನು ಕುಡಿಯಲಿಲ್ಲ. ಅದನ್ನು ಕಂಡೂ ನನಗೆ ಉರಿಯಿತು. ಅಷ್ಟು ಒಳ್ಳೆಯವಳಾಗಿ ಇರುವುದಾದರೂ ಯಾಕೆ?

ಶ್ರೀನಿವಾಸಪುರದ ಬಸ್ಸು ತುಂಬಿತ್ತು. ಕಿಟಕಿಗಳಿಗೆ ಗಾಜಿರಲಿಲ್ಲ.

"ಏಮ್ಮಾ, ಡ್ರೈವರ್ ಪಕ್ಕ ಒಂದೇ ಸೀಟು ಐತೆ. ಯಾರಾನಾ ಒಬ್ರು ಹೋಗ್ರಮ್ಮಾ, ಇಬ್ರೂ ಬಾಗಿಲಿಗೆ ತೋರಣ ಕಟ್ಟಿದಂಗೆ ನಿಂತ್ಕಂಡ್ರೆ ಹೆಂಗೆ?" ಎಂದ ಕಂಡಕ್ಟರು.

ನಾನು ಬುಟ್ಟಿಗೆ ಕೈ ಹಾಕಿದೆ. "ಕೊಡಕ್ಕ, ಅಲ್ಲಿ ಗಾಳಿ ಹೊಡೆಯಲ್ಲ. ನಾನೇನು ತಿಂದ್ಬಿಡ್ತೀನಾ?"

ಅವಳು ಬಟ್ಟೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು. ಆಮೇಲೆ ಕೊಟ್ಟಳು. "ತೊಡೆ ಮೇಲೇ ಮಡಿಕ್ಕೋ ಕಣೇ. ಕೆಳಗಿಡ್ಬೇಡ."

ನಾನು ರಾಣಿಯ ಹಾಗೆ ಕೂತೆ. ಊರಿನಲ್ಲಿ ಇಳಿಯುವಾಗ ಬುಟ್ಟಿ ನನ್ನ ಕೈಯಲ್ಲೇ ಇರಬೇಕು, ಅತ್ತೆ ನೋಡಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಒದ್ದೆ ಬಟ್ಟೆಯಿಂದ ತೊಡೆ ತೊಯ್ದು ಚಳಿ ಹತ್ತಿತು. ಪಕ್ಕದಲ್ಲೇ ಇಂಜಿನ್ನಿನ ಡಬ್ಬ, ಮೇಲೆ ಗೋಣಿ ಹಾಸಿತ್ತು, ಬೆಚ್ಚಗಿತ್ತು. ಸ್ವಲ್ಪ ಹೊತ್ತು ಎಂದುಕೊಂಡು ಬುಟ್ಟಿಯನ್ನು ಅದರ ಮೇಲಿಟ್ಟೆ. ನಿದ್ದೆ ಹತ್ತಿತು...

ಎಚ್ಚರವಾದಾಗ ಶ್ರೀನಿವಾಸಪುರ. ಬಟ್ಟೆ ಗರಿಗರಿಯಾಗಿ ಒಣಗಿತ್ತು. ಅಕ್ಕ ಹಿಂದಿನಿಂದ ಇಳಿಯುವಷ್ಟರಲ್ಲಿ ನಲ್ಲಿಗೆ ಓಡಿ ಅದನ್ನು ನೆನೆಸಿದೆ. ಅವಳು ಬಂದು ಬುಟ್ಟಿಯ ತಳಕ್ಕೆ ಕೈಯಿಟ್ಟಳು. ತಳ ಇನ್ನೂ ಬಿಸಿಯಿತ್ತು. ನನ್ನ ಮುಖ ನೋಡಿ, ಬುಟ್ಟಿಯನ್ನು ತಾನೇ ಎತ್ತಿಕೊಂಡಳು.

ಹುಳು ಒಡೆಯುವ ಮುಂಚೆ ಮೊಟ್ಟೆ ನೀಲಿಗೆ ತಿರುಗಬೇಕು, ಇವು ತಿರುಗಲೇ ಇಲ್ಲ. ಒಂದೊಂದೇ ಗುಳಿಬಿದ್ದವು. ಒಂದು ಹುಳುವೂ ಹೊರಬರಲಿಲ್ಲ. ತೋಟದ ತುಂಬ ನಿಂತಿದ್ದ ಸೊಪ್ಪನ್ನು ದನಗಳಿಗೆ ಹಾಕಿದೆವು.

"ಬುಟ್ಟಿ ಯಾರೇ ಹಿಡ್ಕಂಡಿದ್ದು?" ಅತ್ತೆ ಪಡಸಾಲೆಯಲ್ಲಿ ನಿಂತು ಕೇಳಿದರು.

ನಾನು ಒರಳಿನ ಮುಂದೆ ಕೂತಿದ್ದೆ. ಕಲ್ಲು ತಿರುಗಿಸುತ್ತಲೇ ಇದ್ದೆ.

"ನಾನೇ ಅತ್ತೆ" ಎಂದಳು ಅಕ್ಕ.

ಮುಂದಿನ ಬೆಳೆಗೆ ಅತ್ತೆ ಬುಟ್ಟಿಯನ್ನು ನನಗೆ ಕೊಟ್ಟರು. ಗೂಡು ಚೆನ್ನಾಗಿ ಬಂತು. ಅಲ್ಲಿಂದ ಹತ್ತು ಹನ್ನೆರಡು ವರ್ಷ, ಹುಳು ಸಾಕುವುದನ್ನು ಬಿಡುವವರೆಗೂ, ಕೈಗುಣ ನನ್ನದಾಯಿತು. ಪ್ರತಿ ಸಲ ಬಟ್ಟೆ ಒಗೆದು, ನೆನೆಸಿ, ಹಿಂಡಿ, ಬುಟ್ಟಿಗೆ ಹಾಸಿ ಕೊಡುತ್ತಿದ್ದವಳು ಮಾತ್ರ ಅಕ್ಕ. "ಹುಷಾರು ಕಣೇ" ಎನ್ನುತ್ತಿದ್ದಳು, ಅಷ್ಟೇ. ನಾನು ಹೊರಟ ದಿನ ಮನೆಯಲ್ಲಿದ್ದೂ ಅವಳು ಹೂ ಮುಡಿಯುತ್ತಿರಲಿಲ್ಲ. ಬೇಕೆಂದದ್ದು ನನಗೆ ಸಿಕ್ಕಿತ್ತು, ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ. ಕಳೆದುಕೊಂಡವಳು ಅವಳು, ನಿದ್ದೆ ಬರುತ್ತಿದ್ದುದೂ ಅವಳಿಗೇ. ಒಮ್ಮೆ ಬೈದಿದ್ದರೆ ಸರಿಸಮ ಆಗುತ್ತಿದ್ದೆವೇನೋ...

ಮೊನ್ನೆ ಅಟ್ಟದಿಂದ ಇಳಿದಾಗ ಅಕ್ಕನ ಮಗಳು ಬುಟ್ಟಿ ನೋಡಿ ನಕ್ಕಳು. "ಚಿಕ್ಕಮ್ಮ, ಇದು ನಿಂದಲ್ವಾ? ನಿನ್ನ ಕೈ ಒಳ್ಳೇದು ಅಂತ ಅಮ್ಮ ಯಾವಾಗ್ಲೂ ಹೇಳ್ತಿದ್ಲು."

"ಇಲ್ಲ ಕಣೇ. ನಿಮ್ಮಮ್ಮಂದು. ಆ ಸಲ ಮೊಟ್ಟೆ ಸುಟ್ಟೋಳು ನಾನು."

"ಯಾವ ಸಲ? ಹೋಗ್ಲಿ ಬಿಡು, ಟೀ ಆರೋಗ್ತದೆ ಬಾ" ಎಂದು ಅವಳು ಒಳಗೆ ಹೋದಳು.

ಅತ್ತೆ ಇಲ್ಲ. ಇದನ್ನು ಕೇಳಿ ಸಿಟ್ಟಾಗಬೇಕಾದವರು ಯಾರೂ ಉಳಿದಿಲ್ಲ. ನಾನು ಬಟ್ಟೆಯನ್ನು ತೊಟ್ಟಿಯಲ್ಲಿ ನೆನೆಸಿ, ಹಿಂಡಿ, ಖಾಲಿ ಬುಟ್ಟಿಯಲ್ಲಿ ಹಾಸಿದೆ. ಅವಳು ಹಾಸುತ್ತಿದ್ದ ಹಾಗೆ ಒಂದು ಸುಕ್ಕೂ ಇಲ್ಲದಂತೆ ಹಾಸಲು ಆಗಲಿಲ್ಲ.