ಜಾಜಿ ಬ್ಯಾಂಡಿನ ಮೇಷ್ಟ್ರು

ಹೋದ ತಿಂಗಳು ರಕ್ತಪರೀಕ್ಷೆಗೆಂದು ಮಗಳು ನನ್ನನ್ನು ತೀರ್ಥಹಳ್ಳಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದಳು. ನರ್ಸು ಹತ್ತಿಗೆ ಸ್ಪಿರಿಟ್ ಅದ್ದಿ ತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತೋಳನ್ನು ಹಿಂದಕ್ಕೆ ಎಳೆದುಕೊಂಡೆ. ಸೂಜಿಗೆ ಹೆದರಿದೆ ಎಂದುಕೊಂಡು ನರ್ಸು ನಕ್ಕಳು. ಸೂಜಿಗಲ್ಲ... ಸಾಗರದಲ್ಲಿ ನಮ್ಮ ಪಕ್ಕದ ಮನೆಯ ಮೇಷ್ಟ್ರ ಬಾಗಿಲಿನಿಂದ ಬರುತ್ತಿದ್ದ ವಾಸನೆ ಅದು.

ಅರವತ್ತರ ದಶಕದ ಮಾತು. ಮದುವೆಯಾಗಿ ಮೇಗರವಳ್ಳಿಯಿಂದ ಸಾಗರಕ್ಕೆ ಬಂದ ಹೊಸತು. ನನ್ನ ಯಜಮಾನರು ಒಂದು ಮರದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಪೇಟೆಯ ಹಿಂದಿನ ಬೀದಿಯಲ್ಲಿ ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಬಾಡಿಗೆ ಮನೆಗಳಲ್ಲಿ ಒಂದು ನಮ್ಮದು. ನಡುವಿನ ಗೋಡೆ ಮಾಡಿನವರೆಗೂ ಹೋಗಿರಲಿಲ್ಲ. ಅತ್ತ ಕಡ್ಡಿ ಗೀರಿದರೆ ಇತ್ತ ಕೇಳುತ್ತಿತ್ತು. ಅತ್ತ ಕಡೆ ಇದ್ದವರು ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ಬ್ಯಾಂಡಿನ ಮೇಷ್ಟ್ರು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಒಂಟಿ ಮನುಷ್ಯ, ಐವತ್ತು ದಾಟಿತ್ತು. ಬೊಂಬಾಯಿಯ ಹೋಟೆಲೊಂದರಲ್ಲಿ ವರ್ಷಗಟ್ಟಲೆ ಜಾಝ್ ಬ್ಯಾಂಡಿನಲ್ಲಿ ಊದಿ, ಯಾಕೋ ಅದನ್ನು ಬಿಟ್ಟು ಸಾಗರಕ್ಕೆ ಬಂದಿದ್ದರು. ಯಾಕೆ ಎಂದು ಆಗ ಯಾರೂ ಕೇಳಲಿಲ್ಲ.

ಅವರಿಗೆ ಒಂದು ಹುಚ್ಚಿತ್ತು. ಇಲ್ಲಿಯೂ ಅಂಥದೊಂದು ಸಣ್ಣ ಬ್ಯಾಂಡು ಕಟ್ಟಬೇಕು, ಮದುವೆಮನೆಗಳಲ್ಲಿ ನುಡಿಸಬೇಕು ಎಂದು. ಜಾಝ್ ಎಂಬ ಮಾತು ನಮ್ಮ ಬೀದಿಯವರ ನಾಲಿಗೆಗೆ ಹೊರಳಲಿಲ್ಲ. ಜಾಜಿ ಬ್ಯಾಂಡು ಎಂದರು. ಹೂವಿನ ಹೆಸರಾಯಿತು. ಮೇಷ್ಟ್ರು ತಿದ್ದಲಿಲ್ಲ, ಅವರಿಗೂ ಅದು ಹಿಡಿಸಿತ್ತೆಂದು ಕಾಣುತ್ತದೆ.

ವಾದ್ಯ ಹಂಚಿದ ಭಾನುವಾರ ಚೆನ್ನಾಗಿ ನೆನಪಿದೆ. ನಮ್ಮ ಜಗುಲಿಯ ಮೇಲೆ ಚಾಪೆ ಹಾಸಿ, ಬೊಂಬಾಯಿಯಿಂದ ತರಿಸಿದ ಹಳೆಯ ವಾದ್ಯಗಳನ್ನು ಸಾಲಾಗಿ ಇಟ್ಟಿದ್ದರು. ಗಿಡ್ಡ ತುತ್ತೂರಿಯಂಥ ಕಾರ್ನೆಟ್, ಕ್ಲಾರಿಯೋನೆಟ್, ಎಳೆದು ತಳ್ಳಿ ಊದುವ ಉದ್ದನೆಯ ಟ್ರೊಂಬೋನ್, ತಂತಿಯ ಬ್ಯಾಂಜೋ, ಒಂದು ಡ್ರಮ್ಮು. ಪಿಯಾನೋ ಇದ್ದರೆ ಚೆನ್ನಿತ್ತು, ಆದರೆ ಅದು ಕಾಲಿದ್ದೂ ನಡೆಯುವುದಿಲ್ಲ, ಬ್ಯಾಂಜೋ ಆದರೆ ನಮ್ಮ ಜತೆ ಬಸ್ಸು ಹತ್ತುತ್ತದೆ ಎಂದರು. ಕಾರ್ನೆಟ್ಟು ಕತೆ ಹೇಳುವುದು, ಕ್ಲಾರಿಯೋನೆಟ್ಟು ಅದರ ಮೇಲೆ ಕಸೂತಿ ಹಾಕುವುದು, ಟ್ರೊಂಬೋನು ಕೆಳಗಿನಿಂದ ಹೂಂಗುಟ್ಟುವುದು. ಒಂದೇ ಥರದ್ದು ಎರಡಿದ್ದರೆ ಜಗಳ... ಹೀಗೆ ವಿವರಿಸಿದರು. ಆಮೇಲೆ ಬ್ಯಾಂಡಿಗೆ ಸೇರಲು ಬಂದವರನ್ನು ಕೂರಿಸಿ, ದನದ ಸಂತೆಯಲ್ಲಿ ನೋಡುವ ಹಾಗೆ ಒಬ್ಬೊಬ್ಬರ ಬಾಯಿ ತೆರೆಸಿ ಹಲ್ಲು ನೋಡಿದರು. ಮುಂದಿನ ಹಲ್ಲು ಬಿದ್ದಿದ್ದ ದರ್ಜಿಗೆ ಬ್ಯಾಂಜೋ. ಉದ್ದ ತೋಳಿನ ಬಸ್ ಕ್ಲೀನರನಿಗೆ ಟ್ರೊಂಬೋನು. ಗಂಧದ ಕೆತ್ತನೆ ಮಾಡುತ್ತಿದ್ದವನ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿ ಕ್ಲಾರಿಯೋನೆಟ್ಟು ಕೊಟ್ಟರು. ನಮ್ಮವರಿಗೆ ಡ್ರಮ್ಮಿನ ಮೇಲೆ ಕಣ್ಣಿತ್ತು. ಅದು ಮಿಲ್ಲಿನ ವಾಚ್‌ಮನ್ನನ ಪಾಲಾಯಿತು. ಇವರ ತುಟಿ, ಹಲ್ಲು ನೋಡಿ ಮೇಷ್ಟ್ರು ಕಾರ್ನೆಟ್ಟನ್ನು ಕೈಗಿಟ್ಟರು. ಬಾಗಿಲ ಸಂದಿಯಲ್ಲಿ ನಿಂತು ನಾನು ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಿದ್ದೆ. ಅಷ್ಟು ಸಲೀಸಾಗಿ ನಕ್ಕದ್ದು ಆ ವರ್ಷ ಅದೇ ಕೊನೆ.

ಮಳೆ ಹಿಡಿದ ಮೇಲೆ ಗೋಡೆಯಾಚೆ ಕೆಮ್ಮು ಶುರುವಾಯಿತು.

ಮಳೆಗಾಲದಲ್ಲಿ ಯಾರು ಕೆಮ್ಮುವುದಿಲ್ಲ. ಆದರೆ ಆ ಕೆಮ್ಮು ನನಗೆ ಗುರುತಿತ್ತು. ಮೇಗರವಳ್ಳಿಯಲ್ಲಿ ನನ್ನ ಅಣ್ಣ ಹಾಗೆಯೇ ಕೆಮ್ಮುತ್ತಿದ್ದ. ಅವನನ್ನು ಹಿತ್ತಲ ಕೋಣೆಯಲ್ಲಿ ಮಲಗಿಸಿ, ತಟ್ಟೆ ಲೋಟ ಬೇರೆ ಮಾಡಿ, ಕೊನೆಗೆ ಅವನ ಹಾಸಿಗೆಯನ್ನೂ ಸುಟ್ಟಿದ್ದರು. ಕ್ಷಯ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಈಗ ಅದೇ ಕೆಮ್ಮು, ಮಾಡು ಮುಟ್ಟದ ಗೋಡೆಯ ಮೇಲಿಂದ ನಮ್ಮ ಅಡುಗೆಮನೆಗೆ ಇಳಿಯುತ್ತಿತ್ತು. ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಅವರ ಕರವಸ್ತ್ರ ಬಿದ್ದಿತ್ತು. ಅಂಚಿನಲ್ಲಿ ಕಂದು ಕಲೆ. ಕೋಲಿನಿಂದ ಅದನ್ನು ದೂರ ತಳ್ಳಿದೆ. ಆಮೇಲೆ ಆ ಕೋಲನ್ನೂ ಎಸೆದುಬಿಟ್ಟೆ.

ನಾನಾಗ ಬಸುರಿ. ನಮ್ಮವರು ದಿನಾ ಸಂಜೆ ಮಿಲ್ಲಿನಿಂದ ಬಂದು ಆ ಮನೆಯಲ್ಲಿ ಕಾರ್ನೆಟ್ಟು ಊದಿ, ತುಟಿ ಕೆಂಪಾಗಿಸಿಕೊಂಡು ಮನೆಗೆ ಬರುತ್ತಿದ್ದರು. ಅದು ಮೇಷ್ಟ್ರು ಬೊಂಬಾಯಿಯಲ್ಲಿ ಊದಿದ್ದ ಕಾರ್ನೆಟ್ಟೇ ಇರಬೇಕು ಎಂದು ನನ್ನ ಮನಸ್ಸು ಹೇಳಿತು. ಹೇಳಿದ ಮೇಲೆ ಅದೇ ನಿಜವಾಯಿತು. ನಾನು ಇವರ ಲೋಟ ಬೇರೆ ಇಟ್ಟೆ. ಇವರು ಬೀಡಿ ಸೇದಿ ಒಮ್ಮೆ ಕೆಮ್ಮಿದರೂ ಕೈಯ ಪಾತ್ರೆ ಕೆಳಗಿಟ್ಟು ಕಿವಿಗೊಡುತ್ತಿದ್ದೆ.

“ಎಂತಾ ಆಗಿದೆ ನಿಂಗೆ? ನಾನ್ ಹತ್ರ ಬಂದ್ರೆ ಹಾವು ಕಂಡಂಗೆ ಸರೀತೀಯಲ್ಲ,” ಎಂದರು ಒಂದು ದಿನ. ನಾನು ಒಲೆಯ ಕಡೆ ತಿರುಗಿದೆ. ಕಾಯಿಲೆಯ ಹೆಸರು ಹೇಳಿದರೆ ಅದು ಕೇಳಿಸಿಕೊಂಡು ಒಳಗೆ ಬಂದುಬಿಡುತ್ತದೆ ಎಂಬಂಥ ಭಯ.

ಮರುದಿನ ಇವರು ಸ್ನಾನಕ್ಕೆ ಹೋದಾಗ, ಹಿಂದಿನ ರಾತ್ರಿ ಮನೆಗೇ ತಂದಿದ್ದ ಕಾರ್ನೆಟ್ಟಿನ ತುದಿಯಲ್ಲಿ ಬಾಯಿಗಿಡುವ ಹಿತ್ತಾಳೆಯ ಬಟ್ಟಲನ್ನು ಕಳಚಿ ಕುದಿಯುವ ನೀರಿಗೆ ಹಾಕಿದೆ. ಅದು ಪಾತ್ರೆಯ ತಳಕ್ಕೆ ಬಡಿದು ಟಣಟಣ ಎನ್ನುತ್ತಿರುವಾಗಲೇ ಹಿಂಬಾಗಿಲಿಗೆ ನೆರಳು ಬಿತ್ತು. ಮೇಷ್ಟ್ರು. ಕೆಂಡ ಕೇಳಲು ಬಂದಿದ್ದರು. ಪಾತ್ರೆ ನೋಡಿದರು, ನನ್ನ ಮುಖ ನೋಡಿದರು. ಹೊಸಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಅಂಗಳದಲ್ಲಿ ನಿಂತರು.

“ಇನ್ನೂ ಸ್ವಲ್ಪ ಹೊತ್ತು ಕುದೀಲಿ ತಂಗಿ,” ಎಂದರು.

ನನಗೆ ಅಳು ಬಂತು. ಹೇಗೋ ಕೇಳಿಬಿಟ್ಟೆ. “ಮೇಷ್ಟ್ರೇ, ನಿಮ್ಗೆ ಅದೇ ಕಾಯ್ಲೆನಾ?”

“ಬೊಂಬಾಯಿಯಲ್ಲಿ ಇತ್ತು. ಸೂಜಿ ಚುಚ್ಚಿ ಚುಚ್ಚಿ ಹೋಯ್ತು ಅಂದಿದ್ರು. ಈಗ ಪುನಃ ಬಂದಿದೆಯೋ ಏನೋ,” ಎಂದರು. ಮಳೆ ಹನಿ ತಲೆಯ ಮೇಲೆ ಬೀಳುತ್ತಿದ್ದರೂ ಒಳಗೆ ಬರಲಿಲ್ಲ. “ಈ ವಾದ್ಯಗಳಿಗೆ ನಾನು ಬಾಯಿ ಇಟ್ಟವನಲ್ಲ. ನನ್ನದನ್ನು ಅಲ್ಲೇ ಸಮುದ್ರಕ್ಕೆ ಬಿಸಾಡಿ ಬಂದೆ. ಇವನ್ನೂ ದಿನಾ ಸ್ಪಿರಿಟ್ಟಲ್ಲಿ ಒರೆಸ್ತೇನೆ. ಆದ್ರೂ ನೀವು ಹೆದರ್ಬೇಡಿ ಅಂತ ಹೇಳೂದಿಲ್ಲ. ಹೆದ್ರಿ. ಅವರನ್ನು ಕರ್ಕೊಂಡು ಹೋಗಿ ಎಕ್ಸ್‌ರೇ ತೆಗೆಸ್ವ. ನಾನೂ ಬರ್ತೇನೆ.”

ಅವರು ಎಂದೂ ಊದಿ ತೋರಿಸುವುದಿಲ್ಲ, ಮುಖ ಆಚೆ ಮಾಡಿ ಬಾಯಲ್ಲಿ ಹಾಡಿ ಕಲಿಸುತ್ತಾರೆ ಎಂದು ಇವರು ಹೇಳಿದ್ದು ಆಗ ನೆನಪಾಯಿತು. ಆದರೂ ನನ್ನ ಭಯ ಇಳಿಯಲಿಲ್ಲ. ಹಾಡಿದ ಉಸಿರೂ ಉಸಿರೇ ಅಲ್ಲವೇ?

ಅದೇ ಸಂಜೆ ಮೇಷ್ಟ್ರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ತಾವು ದೂರದಲ್ಲಿ ನಿಂತು ವಿಷಯ ಹೇಳಿದರು. ದರ್ಜಿ ಬ್ಯಾಂಜೋವನ್ನು ಜಗುಲಿಯ ಮೇಲಿಟ್ಟು ಹೊರಟುಹೋದ. ಮತ್ತೆ ಆ ಬೀದಿಗೇ ಬರಲಿಲ್ಲ. ಅವನನ್ನು ಯಾರೂ ಬಯ್ಯಲಿಲ್ಲ. ಉಳಿದವರನ್ನು ಕರೆದುಕೊಂಡು ಮೇಷ್ಟ್ರು ಶಿವಮೊಗ್ಗಕ್ಕೆ ಹೋದರು. ಬಸ್ಸಿನಲ್ಲಿ ಅವರು ಹಿಂದಿನ ಸೀಟಿನಲ್ಲಿ, ಕಿಟಕಿಗೆ ಮುಖ ಕೊಟ್ಟು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಬ್ಬರೇ ಕೂತಿದ್ದರಂತೆ.

ಫಿಲಮ್ಮು ನೋಡಿ ಹೇಳಲು ಡಾಕ್ಟರು ಇನ್ನೊಮ್ಮೆ ಬರಹೇಳಿದ್ದರು. ಆ ನಡುವಿನ ದಿನಗಳು... ಅವನ್ನು ಹೇಗೆ ಹೇಳಲಿ. ಅನ್ನ ಬಸಿಯುವಾಗ, ಹೂ ಕಟ್ಟುವಾಗ, ಹೊಟ್ಟೆಯೊಳಗೆ ಮಗು ಮಿಸುಕಿದಾಗಲೂ ನನಗೆ ಕಾಣುತ್ತಿದ್ದದ್ದು ಅಣ್ಣನ ಹಿತ್ತಲ ಕೋಣೆ. ಇವರೂ ಹೆದರಿದ್ದರು. ಮೊದಲೆಲ್ಲ ನಗಾಡುತ್ತಿದ್ದವರು ಈಗ ನನ್ನಿಂದ ದೂರ, ಜಗುಲಿಯ ಮೇಲೆ ಮಲಗುತ್ತಿದ್ದರು. ಗೋಡೆಯಾಚೆಗೆ ಕೆಮ್ಮಿನ ಸದ್ದು ಸಣ್ಣದಾಗಿತ್ತು. ದಿಂಬಿಗೆ ಮುಖವೊತ್ತಿ ಕೆಮ್ಮುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಅವರ ಮೆಟ್ಟಿಲ ಮೇಲೆ ದಿನಾ ಗಂಜಿಯ ಪಾತ್ರೆ ಇಟ್ಟು, ಬಾಗಿಲು ತಟ್ಟಿ ಓಡಿ ಬರುತ್ತಿದ್ದೆ. ಪಾತ್ರೆ ಸ್ಪಿರಿಟ್ಟಿನ ವಾಸನೆ ಹೊತ್ತು ಹಿಂದೆ ಬರುತ್ತಿತ್ತು.

ಶಿವಮೊಗ್ಗದಿಂದ ಬಂದ ದಿನ ಇವರು ಬೀದಿಯ ತುದಿಯಿಂದಲೇ ಕೈಯೆತ್ತಿ ಅಲ್ಲಾಡಿಸಿದರು. “ಏನಿಲ್ಲ ಕಣೇ. ಯಾರಿಗೂ ಏನಿಲ್ಲ.” ಆಮೇಲೆ ದನಿ ತಗ್ಗಿಸಿ, “ಮೇಷ್ಟ್ರದು ಮಾತ್ರ... ಎರಡೂ ಕಡೆ ಹಿಡ್ದಿದೆಯಂತೆ,” ಎಂದರು.

ಶಿವಮೊಗ್ಗದಾಚೆಯ ಕ್ಷಯದಾಸ್ಪತ್ರೆಗೆ ಮೇಷ್ಟ್ರು ಹೊರಡುವ ಮುನ್ನ ಬ್ಯಾಂಜೋಗೆ ಬೇರೆ ಜನ ಹುಡುಕಿಟ್ಟು ಹೋದರು. ಅಂಗಳದಾಚೆಯಿಂದಲೇ ಬೆರಳು ನೋಡಿ ಆರಿಸಿದ್ದು. ಆ ಚಳಿಗಾಲ ಹೊಸನಗರದ ಮದುವೆಯೊಂದರಲ್ಲಿ ಜಾಜಿ ಬ್ಯಾಂಡು ಮೊದಲ ಸಲ ನುಡಿಸಿತು. ದಿಬ್ಬಣದ ಮುದುಕರೂ ತಾಳ ಹಾಕಿದರು ಎಂದು ಇವರು ಬಂದು ಹೇಳಿದರು. ಹೇಳಬೇಕಾದವರಿಗೆ ಹೇಳಲಾಗಲಿಲ್ಲ ಎಂಬ ಸಂಕಟ ಮುಖದಲ್ಲಿತ್ತು.

ಮಗಳು ಹುಟ್ಟಿ ಕೆಲವು ತಿಂಗಳಾದ ಮೇಲೆ ನಾವು ಅವರನ್ನು ನೋಡಲು ಹೋದೆವು. ಕೂಸನ್ನು ಒಯ್ಯಬೇಡ ಎಂದು ಎಲ್ಲರೂ ಹೇಳಿದರು. ನನಗೂ ಒಯ್ಯಲು ಧೈರ್ಯವಿರಲಿಲ್ಲ. ಆದರೆ ಬಿಟ್ಟು ಹೋಗಲೂ ಆಗಲಿಲ್ಲ. ಆಸ್ಪತ್ರೆಯ ಬೇಲಿಯಾಚೆ ಬಯಲು, ಬಯಲಿನಾಚೆ ಉದ್ದನೆಯ ವರಾಂಡ. ಬಿಳಿ ಶಾಲು ಹೊದ್ದ ಒಬ್ಬರು ಎದ್ದು ಕಂಬ ಹಿಡಿದು ನಿಂತರು. ಎಷ್ಟು ಸಣ್ಣಗಾಗಿದ್ದರೆಂದರೆ ನನಗೆ ಗುರುತೇ ಸಿಗಲಿಲ್ಲ. ನಾವು ಬೇಲಿಯ ಗೇಟು ತೆರೆಯಹೋದಾಗ ಎರಡೂ ಕೈ ಅಡ್ಡಡ್ಡ ಬೀಸಿ ಬೇಡ ಎಂದರು. ಇವರು ಚೀಲದಿಂದ ಕಾರ್ನೆಟ್ಟು ತೆಗೆದು ಅಲ್ಲಿಂದಲೇ ಊದಿದರು. ರೋಗಿಗಳೆಲ್ಲ ವರಾಂಡಕ್ಕೆ ಬಂದು ನಿಂತರು. ಒಂದು ಕಡೆ ಇವರ ಸ್ವರ ಜಾರಿತು. ಅಷ್ಟು ದೂರದಿಂದ ಮೇಷ್ಟ್ರ ಬೆರಳು ಮೇಲಕ್ಕೆ ಎದ್ದಿತು, ಇನ್ನೂ ಮೇಲೆ ಎನ್ನುವಂತೆ. ಇವರು ಸರಿಮಾಡಿಕೊಂಡರು.

ಆಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿ, ಎರಡು ಕೈಗಳನ್ನು ತೊಟ್ಟಿಲಿನಂತೆ ಆಡಿಸಿದರು. ನಾನು ಕೂಸನ್ನು ಎತ್ತಿ ಹಿಡಿದೆ.

ಮುಂದಿನ ಮಳೆಗಾಲಕ್ಕೆ ಮೊದಲೇ ಅವರು ಹೋದರು. ಬಸ್ ಕ್ಲೀನರನೇ ಸುದ್ದಿ ತಂದ. ಬ್ಯಾಂಡು ಇನ್ನೂ ಕೆಲವು ವರ್ಷ ನಡೆದು, ಒಬ್ಬೊಬ್ಬರೇ ಊರು ಬಿಟ್ಟ ಮೇಲೆ ತಾನಾಗಿ ನಿಂತಿತು. ನಮ್ಮವರೂ ಈಗಿಲ್ಲ.

ಕ್ಲಿನಿಕ್ಕಿನಿಂದ ಬರುವಾಗ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳ ತಲೆಯಲ್ಲೂ ಈಗ ಬಿಳಿ ಕೂದಲು. “ಅಮ್ಮಾ, ಅವ್ರಿಗೆ ನನ್ನ ಮುಖ ಕಾಣ್ತಾ?” ಎಂದು ಕೇಳಿದಳು.

 ಅಂದು ಬೇಲಿಯ ಬಳಿ ಎತ್ತಿ ಹಿಡಿದಾಗ ಅವಳ ಮುಖದ ಮೇಲೆ ನನ್ನ ಸೆರಗು ಎರಡು ಸುತ್ತು ಮುಚ್ಚಿತ್ತು. ತೆಗೆಯಬೇಕೆಂದು ಅಂಚಿಗೆ ಕೈಯಿಟ್ಟದ್ದು ನೆನಪಿದೆ. ಗಾಳಿ ಅವರ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು. ತೆಗೆದೆನೋ ಇಲ್ಲವೋ... ಎಷ್ಟು ಯೋಚಿಸಿದರೂ ಅದೊಂದು ನೆನಪಾಗುತ್ತಿಲ್ಲ.